ಒಂದು ಮಳೆಗಾಲ ತಡೀಲಿ, ಆಮೇಲೆ ಮಾರ್ಕ್ಸ್ ಕೊಡಿ

ನೇರವಾಗಿ ವಿಷಯಕ್ಕೆ ಬರ್ತೀನಿ. ನಮ್ಮ ಕಾಲೇಜಿನಲ್ಲಿ ಓದುವ ಪ್ರತಿಯೊಬ್ಬರೂ, ಬ್ರಾಂಚ್ ಯಾವುದೇ ಇರಲಿ, ಡಿಗ್ರಿ ಮುಗಿಯೋದರೊಳಗೆ ಮರದ ಒಂದು ಮೆಟ್ಟಿಲು ಕುಂಡವನ್ನು ಕೈಯಾರೆ ಮಾಡಬೇಕು. ಅದಕ್ಕೆ ಮಣ್ಣು ತುಂಬಿ, ಸೊಪ್ಪು ಬಿತ್ತಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಮಳೆಯಲ್ಲಿ ಬಿಡಬೇಕು. ಮಾರ್ಕ್ಸ್ ಏನಿದ್ದರೂ ಅದಾದ ಮೇಲೆ. "ಏನ್ ಗುರು, ಇಂಜಿನಿಯರಿಂಗ್ ಸೇರಿದ್ದು ಸೊಪ್ಪು ಬೆಳೆಯೋಕಾ?" ಅಂತ ನನ್ನ ರೂಮ್‌ಮೇಟ್ ಕೇಳಿದ. ನಿಮಗೂ ಹಾಗೇ ಅನ್ನಿಸಿದ್ದರೆ ತಪ್ಪಿಲ್ಲ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಈ ಲೇಖನ.

ಮೊದಲು ಮೆಟ್ಟಿಲು ಕುಂಡ ಅಂದರೆ ಏನು ಅಂತ ಹೇಳಿಬಿಡ್ತೀನಿ. ದಸರಾದಲ್ಲಿ ಗೊಂಬೆ ಕೂರಿಸೋಕೆ ಮೆಟ್ಟಿಲು ಕಟ್ಟುತ್ತಾರಲ್ಲ, ಅದೇ ಆಕಾರ. ಗೊಂಬೆಗಳ ಜಾಗದಲ್ಲಿ ಮಣ್ಣು ತುಂಬಿದ ಉದ್ದನೆಯ ಮರದ ಪೆಟ್ಟಿಗೆಗಳು ಇರುತ್ತವೆ. ಮುಂದಿನದು ನೆಲದ ಹತ್ತಿರ, ಅದರ ಹಿಂದಿನದು ಇನ್ನೊಂದು ಮೆಟ್ಟಿಲು ಎತ್ತರ, ಅದರ ಹಿಂದಿನದು ಇನ್ನೂ ಎತ್ತರ. ಮೂರು ಪೆಟ್ಟಿಗೆಯನ್ನು ಒಂದೇ ಮಟ್ಟದಲ್ಲಿ ಸಾಲಾಗಿ ಇಟ್ಟರೆ ಮುಂದಿನ ಗಿಡ ಹಿಂದಿನದಕ್ಕೆ ನೆರಳಾಗುತ್ತದೆ, ಹಿಂದಿನದಕ್ಕೆ ಕೈಯೂ ಎಟುಕಲ್ಲ. ಮೆಟ್ಟಿಲು ಮಾಡಿದರೆ ಎರಡೂ ತೊಂದರೆ ಹೋಗುತ್ತದೆ. ವರ್ಷದ ಬಹುಪಾಲು ಸೂರ್ಯ ನಮಗೆ ದಕ್ಷಿಣದ ಕಡೆಗೆ ವಾಲಿರುವುದರಿಂದ ಎತ್ತರದ ಮೆಟ್ಟಿಲನ್ನು ಉತ್ತರಕ್ಕೆ ಇಟ್ಟರೆ ಮೂರಕ್ಕೂ ಬಿಸಿಲು ಸಿಗುತ್ತದೆ. ಇಷ್ಟೇ ಐಡಿಯಾ. ರಾಕೆಟ್ ಸೈನ್ಸ್ ಏನಲ್ಲ.

ಫಸ್ಟ್ ಸೆಮ್ ಮುಗಿದ ರಜೆಯಲ್ಲಿ ಹಾಸನದ ನಮ್ಮ ಮನೆಯಲ್ಲಿ ಇಂಥದ್ದೊಂದು ಮಾಡಿದೆ. ಅಮ್ಮನಿಗೆ ಮೆಂತ್ಯ, ಕೊತ್ತಂಬರಿ, ದಂಟಿನ ಸೊಪ್ಪು ಬೆಳೆಯೋಕೆ ಜಾಗ ಬೇಕಿತ್ತು, ಇದ್ದದ್ದು ಮೊದಲ ಮಹಡಿಯ ಬಾಲ್ಕನಿ ಮಾತ್ರ. ಈಗ ಆ ಕುಂಡ ಒಂದು ಪೂರ್ತಿ ಮಳೆಗಾಲ ಕಂಡಿದೆ. ಅಷ್ಟರಲ್ಲಿ ನಾನು ಎರಡು ಸೆಮಿಸ್ಟರ್‌ನ ಲ್ಯಾಬ್‌ಗಳನ್ನೂ ಮುಗಿಸಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಹುಟ್ಟಿದ ಅಭಿಪ್ರಾಯ ಇದು.

ವರ್ಕ್‌ಶಾಪ್‌ನಲ್ಲಿ ನಾವು ಏನು ಮಾಡಿದ್ವಿ ನೆನಪಿಸಿಕೊಳ್ಳಿ. ಕಬ್ಬಿಣದ ಎರಡು ಪ್ಲೇಟ್‌ಗಳನ್ನು ಅರದಿಂದ ಉಜ್ಜಿ ಉಜ್ಜಿ ಒಂದಕ್ಕೊಂದು ಕೂರುವ ಹಾಗೆ ಮಾಡಿದ್ವಿ. ಕೈ ಬೊಬ್ಬೆ ಬಂತು, ಸರ್ ಬೆಳಕಿಗೆ ಹಿಡಿದು ಸಂದಿ ನೋಡಿದರು, ರೆಕಾರ್ಡ್‌ಗೆ ಸೈನ್ ಹಾಕಿದರು. ಆಮೇಲೆ ಆ ಪ್ಲೇಟ್ ಸ್ಕ್ರ್ಯಾಪ್ ಡಬ್ಬಕ್ಕೆ ಹೋಯಿತು. ಅಳತೆ ಕಲಿತ್ವಿ, ಅದು ನಿಜ. ಆದರೆ ಆ ವಸ್ತು ಯಾವತ್ತೂ ಏನನ್ನೂ ಹೊರಲಿಲ್ಲ. ಮಳೆಯಲ್ಲಿ ನೆನೆಯಲಿಲ್ಲ, ಯಾರೂ ಅದನ್ನು ದಿನಾ ಬೆಳಗ್ಗೆ ಬಳಸಲಿಲ್ಲ, ಯಾರೂ ಬಂದು "ಇದು ಸರಿ ಇಲ್ಲಪ್ಪ" ಅನ್ನಲಿಲ್ಲ. ನಮ್ಮ ಓದಿನಲ್ಲಿ ಸಬ್ಮಿಷನ್ ದಿನ ಅನ್ನೋದು ವಸ್ತುವಿನ ಆಯುಷ್ಯದ ಕೊನೆಯ ದಿನ. ಹೊರಗಿನ ಪ್ರಪಂಚದಲ್ಲಿ ಅದು ಮೊದಲ ದಿನ.

ತೂಕದ ಲೆಕ್ಕ

ಮೆಟ್ಟಿಲು ಕುಂಡ ಮೊದಲು ಕೇಳೋ ಪ್ರಶ್ನೆ ತೂಕದ್ದು. ನನ್ನ ಪೆಟ್ಟಿಗೆಯ ಒಳ ಅಳತೆ 90 ಸೆಂ.ಮೀ. ಉದ್ದ, 20 ಅಗಲ, 20 ಆಳ. ಅಂದರೆ ಒಂದರಲ್ಲಿ 36 ಲೀಟರ್ ಮಣ್ಣು, ಮೂರರಲ್ಲಿ 108 ಲೀಟರ್. ಬಕೆಟ್ ತಗೊಂಡು ಮನೆಯ ತಕ್ಕಡಿ ಮೇಲೆ ತೂಗಿ ನೋಡಿದೆ. ನೀರು ಕುಡಿದ ಕೆಮ್ಮಣ್ಣು 10 ಲೀಟರ್‌ಗೆ ಸುಮಾರು 17 ಕೆ.ಜಿ. ಬಂತು. ಹಾಗಾದರೆ 108 ಲೀಟರ್‌ಗೆ 184 ಕೆ.ಜಿ. ಮರದ ತೂಕ ಸುಮಾರು 30 ಕೆ.ಜಿ. ಸೇರಿದರೆ ಒಟ್ಟು 214. ಕುಂಡ ನೆಲದ ಮೇಲೆ ಆಕ್ರಮಿಸೋ ಜಾಗ 0.7 ಚದರ ಮೀಟರ್. ಭಾಗಿಸಿದರೆ ಪ್ರತಿ ಚದರ ಮೀಟರ್‌ಗೆ 300 ಕೆ.ಜಿ. ಮೇಲೆ.

ಈಗ ಸಿವಿಲ್ ಗೆಳೆಯರನ್ನು ಕೇಳಿ. ಕಟ್ಟಡಗಳ ಭಾರಕ್ಕೆ ನಮ್ಮ ದೇಶದಲ್ಲಿ ಇರುವ ಐಎಸ್ 875, ಅದರ 2ನೇ ಭಾಗದ ಪ್ರಕಾರ ವಾಸದ ಮನೆಯ ಬಾಲ್ಕನಿಯನ್ನು ಕನಿಷ್ಠ ಚದರ ಮೀಟರ್‌ಗೆ 3 ಕಿಲೋನ್ಯೂಟನ್ ಹೊರುವ ಹಾಗೆ ವಿನ್ಯಾಸ ಮಾಡಬೇಕು. ಅಂದರೆ ಸುಮಾರು 306 ಕೆ.ಜಿ. ಬರೀ ಕೆಮ್ಮಣ್ಣು ತುಂಬಿದರೆ ನನ್ನ ಪುಟ್ಟ ಸೊಪ್ಪಿನ ಕುಂಡ ಆ ಅಂಚಿಗೆ ಹೋಗಿ ನಿಲ್ಲುತ್ತದೆ. ಜನ ಓಡಾಡುವ ತಾರಸಿಗೆ ಆ ಲೆಕ್ಕ 1.5 ಕಿಲೋನ್ಯೂಟನ್ ಮಾತ್ರ, ಅಂದರೆ ಅರ್ಧ.

ಹಾಗಂತ ಒಂದು ಕುಂಡ ಇಟ್ಟ ತಕ್ಷಣ ಬಾಲ್ಕನಿ ಕುಸಿಯಲ್ಲ. ಆ ಅಂಕಿ ಇಡೀ ನೆಲಕ್ಕೆ ಹರಡಿದ ಭಾರಕ್ಕೆ ಹೇಳಿದ್ದು, ಮೇಲೆ ಸುರಕ್ಷತೆಯ ಅಂತರವೂ ಇದೆ. ಆದರೆ ಒಂದು ಚೆನ್ನಾಗಿ ಬಂತು ಅಂತ ಖುಷಿಯಾಗಿ ಇನ್ನೂ ನಾಲ್ಕು ಮಾಡಿ ಸಾಲಾಗಿ ಇಡ್ತೀವಲ್ಲ, ಆಗ? ಹಳೇ ಮನೆ, ಮಳೆಗೆ ಸೋರುವ ಸ್ಲ್ಯಾಬ್ ಆದರೆ? ಸುರಕ್ಷತೆಯ ಅಂತರ ಇರೋದು ನಾವು ತಿಂದು ಹಾಕೋಕಲ್ಲ. ನಾನು ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಮೂರನ್ನೂ ಸಮಸಮ ಬೆರೆಸಿದೆ. ಆ ಮಿಶ್ರಣ ನೆಂದಾಗ 10 ಲೀಟರ್‌ಗೆ 10.5 ಕೆ.ಜಿ. ಬಂತು. ಒಟ್ಟು ತೂಕ ಸುಮಾರು 143ಕ್ಕೆ ಇಳಿಯಿತು, ಚದರ ಮೀಟರ್‌ಗೆ 200 ಆಸುಪಾಸು. ಕುಂಡವನ್ನು ಬಾಲ್ಕನಿಯ ಹೊರ ಅಂಚಿಗೆ ಇಡದೆ ಮನೆಯ ಗೋಡೆಗೆ ಒತ್ತಿ ಇಟ್ಟೆ.

ಗೋಡೆಗೆ ಒತ್ತಿ ಇಡೋಕೆ ಇನ್ನೊಂದು ಕಾರಣ ಇದೆ, ಇದನ್ನು ದಯವಿಟ್ಟು ಮರೀಬೇಡಿ. ಮೆಟ್ಟಿಲು ಅಂದರೆ ಮೆಟ್ಟಿಲೇ. ಮೂರು ವರ್ಷದ ಮಗುವಿಗೆ ಅದು ಹತ್ತೋಕೆ ಹೇಳಿ ಮಾಡಿಸಿದ ಜಾಗ. ಎತ್ತರದ ಮೆಟ್ಟಿಲನ್ನು ಬಾಲ್ಕನಿಯ ಕಂಬಿಗೆ ತಾಗಿಸಿ ಇಟ್ಟರೆ ನಾವೇ ಕೈಯಾರೆ ಏಣಿ ಹಾಕಿಕೊಟ್ಟ ಹಾಗೆ. ನಮ್ಮ ಮನೆಗೆ ವಾರಕ್ಕೊಮ್ಮೆ ಅಕ್ಕನ ಮಗಳು ಬರ್ತಾಳೆ. ಅವಳು ಬಂದಾಗೆಲ್ಲ ಮೊದಲು ಓಡೋದು ಆ ಕುಂಡದ ಹತ್ತಿರಕ್ಕೇ. ನಾನು ಓದಿದ ಯಾವ ಲ್ಯಾಬ್ ಮ್ಯಾನುಯಲ್‌ನಲ್ಲೂ "ಇದರ ಹತ್ತಿರ ಮಗು ಬಂದರೆ?" ಅನ್ನೋ ಪ್ರಶ್ನೆ ಇರಲಿಲ್ಲ. ಮನೆಯಲ್ಲಿ ಒಂದು ವಸ್ತು ಇಟ್ಟರೆ ಆ ಪ್ರಶ್ನೆ ಮೊದಲನೇ ದಿನವೇ ಬರುತ್ತದೆ.

"ತೂತಾದ್ಮೇಲೆ?"

ನಮ್ಮ ಬೀದಿ ತುದಿಯಲ್ಲಿ ಒಬ್ಬರು ಬಡಗಿ ಇದ್ದಾರೆ. ಎಲ್ಲರೂ ಅವರನ್ನು ಆಚಾರ್ರು ಅಂತಾರೆ, ನಾನೂ ಹಾಗೇ ಕರೆಯೋದು. ಮರ ಕೊಯ್ಯೋಕೆ ಕೈ ಹಾಕುವ ಮುಂಚೆ ಲ್ಯಾಪ್‌ಟಾಪ್ ತಗೊಂಡು ಹೋಗಿ ನನ್ನ ತ್ರೀಡಿ ಮಾಡೆಲ್ ತೋರಿಸಿದೆ. ಅದನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಚೆನ್ನಾಗೈತೆ ಕಣಪ್ಪ. ನೀರು ಎಲ್ಲಿಗೋಯ್ತದೆ?" ಅಂದರು.

"ತಳಕ್ಕೆ ತೂತು ಕೊಟ್ಟಿದೀನಿ ಆಚಾರ್ರೇ" ಅಂದೆ.

"ಸರಿ. ತೂತಾದ್ಮೇಲೆ?"

ಈ ಒಂದು ಪದಕ್ಕೆ ಒಂದು ಕ್ರೆಡಿಟ್ ಕೊಡಬೇಕು ಅಂತ ನನ್ನ ಅನಿಸಿಕೆ. ತೂತಾದ ಮೇಲೆ ನೀರು ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. ಅಲ್ಲಿಂದ ಅದರ ಕೆಳಗಿನದಕ್ಕೆ, ಅಲ್ಲಿಂದ ಬಾಲ್ಕನಿ ನೆಲಕ್ಕೆ, ಅಲ್ಲಿಂದ ಕೆಳಗಿನ ಮನೆಯವರು ಒಣಗಿಹಾಕಿದ ಬಟ್ಟೆಗೆ. ಮಲೆನಾಡಿನ ಗದ್ದೆಗಳಲ್ಲಿ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಇಳಿಯೋದನ್ನು ಸಕಲೇಶಪುರದ ಕಡೆ ಹೋದವರೆಲ್ಲ ನೋಡಿದ್ದೀವಿ. ಇದೂ ಅದೇ. ಮೇಲಿನ ಗೊಬ್ಬರದ ಸಾರವೆಲ್ಲ ಕೆಳಕ್ಕೆ ಇಳಿಯುತ್ತದೆ, ಕೆಳಗಿನ ಮೆಟ್ಟಿಲು ಯಾವಾಗಲೂ ಹೆಚ್ಚು ತೇವವಾಗಿರುತ್ತದೆ. ಹಾಗಾಗಿ ಯಾವ ಗಿಡ ಎಲ್ಲಿ ಅನ್ನೋದನ್ನೂ ನೀರೇ ತೀರ್ಮಾನಿಸುತ್ತದೆ. ನೀರು ಜಾಸ್ತಿಯಾದರೆ ಕೊಳೆಯುವ ದೊಡ್ಡಪತ್ರೆ, ಲೋಳೆಸರ ಮೇಲೆ. ಮೆಂತ್ಯ, ಕೊತ್ತಂಬರಿ ನಡುವೆ. ತೇವ ಇಷ್ಟಪಡುವ ಪುದೀನ, ಒಂದೆಲಗ ಕೆಳಗೆ. ಕೊನೆಗೆ ಕೆಳಗಿನ ಪೆಟ್ಟಿಗೆಯ ಅಡಿಗೆ ಒಂದು ತಗಡಿನ ತಟ್ಟೆ ಇಟ್ಟೆ. ಅಲ್ಲಿ ನಿಂತ ನೀರು ಮಾರನೇ ದಿನ ಮತ್ತೆ ಮೇಲಕ್ಕೆ. ಕೆಳಗಿನ ಮನೆ ಆಂಟಿ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ತಟ್ಟೆಯಲ್ಲಿ ನೀರು ಮೂರ್ನಾಲ್ಕು ದಿನ ಹಾಗೇ ಬಿಟ್ಟರೆ ಸೊಳ್ಳೆ ಆಗುತ್ತದೆ, ಅದನ್ನ ದಿನಾ ಖಾಲಿ ಮಾಡಬೇಕು.

ನೀರು ಹೋಗದಿದ್ದರೆ ಏನಾಗುತ್ತದೆ ಅನ್ನೋದಕ್ಕೂ ಲೆಕ್ಕ ಇದೆ. ಸಡಿಲ ಮಣ್ಣು ಗೋಡೆಯನ್ನು ಎಷ್ಟು ತಳ್ಳುತ್ತದೆ ಅಂತ ರಾಂಕಿನ್ 1857ರಲ್ಲೇ ಬರೆದಿಟ್ಟಿದ್ದಾನೆ. ಅವನ ಸೂತ್ರಕ್ಕೆ ನನ್ನ ಪೆಟ್ಟಿಗೆಯ ಅಳತೆ ಹಾಕಿದರೆ ಕೆಮ್ಮಣ್ಣು ಒಂದು ಉದ್ದ ಬದಿಯನ್ನು ಸುಮಾರು 10 ಕೆ.ಜಿ. ಬಲದಿಂದ ತಳ್ಳುತ್ತದೆ. ತೂತು ಕಟ್ಟಿಕೊಂಡು ನೀರು ಅಂಚಿನವರೆಗೆ ನಿಂತರೆ ಅದು ಸುಮಾರು ಎರಡು ಪಟ್ಟಾಗುತ್ತದೆ, ಅದರಲ್ಲಿ ಮಣ್ಣಿಗಿಂತ ನೀರಿನದೇ ಜಾಸ್ತಿ ಪಾಲು. ರಸ್ತೆ ಪಕ್ಕದ ತಡೆಗೋಡೆಗಳಲ್ಲಿ ಸಣ್ಣ ಸಣ್ಣ ಪೈಪ್ ಹೊರಗೆ ಚಾಚಿರುತ್ತವಲ್ಲ, ಅವು ಇರೋದು ಇದಕ್ಕೇ. ನಾವು ಹಾಸನದವರಿಗೆ ಮಳೆಗಾಲ ಅಂದರೆ ಶಿರಾಡಿ ಘಾಟ್‌ನಲ್ಲಿ ಗುಡ್ಡ ಜಾರಿತು, ರಸ್ತೆ ಬಂದ್ ಅನ್ನೋ ಸುದ್ದಿ. ಆ ಗುಡ್ಡಕ್ಕೂ ನನ್ನ 20 ಸೆಂ.ಮೀ. ಪೆಟ್ಟಿಗೆಗೂ ಹೋಲಿಕೆಯೇ ಇಲ್ಲ ಅಂತ ನೀವು ಅನ್ನಬಹುದು. ಗಾತ್ರದಲ್ಲಿ ಇಲ್ಲ. ಆದರೆ ನೀರಿಗೆ ದಾರಿ ಬಿಡದೆ ಮಣ್ಣನ್ನು ತಡೆದು ನಿಲ್ಲಿಸ್ತೀನಿ ಅನ್ನೋ ಧೈರ್ಯ ಎರಡು ಕಡೆಯೂ ನಡೆಯಲ್ಲ. ಮುಂದೆ ನಮ್ಮಲ್ಲೇ ಯಾರೋ ಒಬ್ಬರು ಅಂಥ ಗೋಡೆಗೆ ಸೈನ್ ಹಾಕ್ತಾರೆ. ಅದಕ್ಕೆ ಮುಂಚೆ ಒಂದು ಪೆಟ್ಟಿಗೆಯಲ್ಲಾದರೂ ನೀರು ಹೋಗೋದನ್ನು ಕಣ್ಣಾರೆ ನೋಡಿರಲಿ ಅಂತ ಕೇಳೋದು ಜಾಸ್ತಿ ಆಯ್ತಾ?

ನಾಲ್ಕನೇ ಘಾತ ಮತ್ತು ಆಚಾರ್ರ ಮಾತು

90 ಸೆಂ.ಮೀ. ಉದ್ದದ ತಳದ ಹಲಗೆ ನಡುವೆ ಬಾಗದೆ ಇರಬೇಕು. ದಪ್ಪ ಹಲಗೆ ಹಾಕೋದಾ, ನಡುವೆ ಒಂದು ಆಧಾರ ಕೊಡೋದಾ? ಆಚಾರ್ರು ಯೋಚನೆನೇ ಮಾಡಲಿಲ್ಲ. "ನಡುವಿಗೊಂದು ರೀಪು ಕೊಡು, ಸಾಕು" ಅಂದರು. ಮನೆಗೆ ಬಂದು ಸೂತ್ರ ಬರೆದೆ. ಹರಡಿದ ಭಾರಕ್ಕೆ ಬಾಗುವ ಪ್ರಮಾಣ ಉದ್ದದ ನಾಲ್ಕನೇ ಘಾತಕ್ಕೆ ಅನುಗುಣ, ದಪ್ಪದ ಮೂರನೇ ಘಾತಕ್ಕೆ ವಿಲೋಮ. ಹಲಗೆಯ ದಪ್ಪ ಎರಡು ಪಟ್ಟು ಮಾಡಿದರೆ ಬಾಗು 8ರಲ್ಲಿ 1 ಪಾಲಿಗೆ ಇಳಿಯುತ್ತದೆ, ಮರದ ಖರ್ಚು ಡಬಲ್. ನಡುವೆ ಒಂದು ತುಂಡು ರೀಪು ಕೊಟ್ಟರೆ ಬಾಗು 16ರಲ್ಲಿ 1 ಪಾಲು, ಖರ್ಚು ಹೆಚ್ಚುಕಮ್ಮಿ ಏನೂ ಇಲ್ಲ. ಎಕ್ಸಾಮ್‌ನಲ್ಲಿ ಈ ಸೂತ್ರ ಬರೆದು ಪೂರ್ತಿ ಮಾರ್ಕ್ಸ್ ತಗೊಳ್ಳೋರು ನಮ್ಮ ಕ್ಲಾಸಿನಲ್ಲಿ ನಲವತ್ತು ಜನ ಇದ್ದಾರೆ. ಆ ನಲವತ್ತು ಜನರಲ್ಲಿ ಎಷ್ಟು ಜನ ಮರದ ಅಂಗಡಿಯಲ್ಲಿ ನಿಂತಾಗ ದಪ್ಪ ಹಲಗೆ ಬೇಡ, ರೀಪು ಕೊಡಿ ಅಂತಾರೆ? ಸೂತ್ರ ಬಾಯಿಗೆ ಬರೋದು ಬೇರೆ, ಕೈಗೆ ಬರೋದು ಬೇರೆ.

ಇನ್ನು ಕೆಲವು ವಿಷಯ ಸೂತ್ರದಲ್ಲೂ ಇರಲ್ಲ, ಸಾಫ್ಟ್‌ವೇರ್‌ನಲ್ಲೂ ಇರಲ್ಲ. ಮರ ನೀರು ಕುಡಿದಾಗ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬಹುತೇಕ ಬೆಳೆಯೋದೇ ಇಲ್ಲ. ಅದಕ್ಕೇ ತಳಕ್ಕೆ ಒಂದು ಅಗಲ ಹಲಗೆಯ ಬದಲು ಎರಡು ಕಿರಿದಾದ ಹಲಗೆ ಹಾಕಿ ನಡುವೆ 5 ಮಿ.ಮೀ. ಸಂದಿ ಬಿಟ್ಟೆ. ಆಗಸ್ಟ್‌ನಲ್ಲಿ ಆ ಸಂದಿ ಅರ್ಧಕ್ಕರ್ಧ ಮುಚ್ಚಿಕೊಂಡಿತ್ತು, ಚಳಿಗಾಲದ ಒಣಹವೆಗೆ ಮತ್ತೆ ತೆರೆಯಿತು. ಹಲಗೆಯ ಕೊಯ್ದ ತುದಿಗೆ ಸ್ಕ್ರೂ ಹೊಡೆದರೆ ಅದು ನಾರುಗಳ ಉದ್ದಕ್ಕೆ ಇಳಿಯುತ್ತದೆ, ಹಿಡಿತ ಕಮ್ಮಿ. ಹಾಗಾಗಿ ಪ್ರತಿ ಮೂಲೆಯ ಒಳಗೆ ಒಂದು ಚೌಕದ ಗೂಟ ನಿಲ್ಲಿಸಿ, ಎರಡೂ ಹಲಗೆಯನ್ನು ಅದರ ಬದಿಗೆ ಬಿಗಿಯಬೇಕು. ಮೊದಲು ಸಣ್ಣ ಡ್ರಿಲ್ ಬಿಟ್‌ನಲ್ಲಿ ದಾರಿ ಮಾಡಿಕೊಳ್ಳದಿದ್ದರೆ ಗಟ್ಟಿ ಮರ ಸೀಳುತ್ತದೆ. ಜಿಪ್ಸಮ್ ಬೋರ್ಡ್‌ಗೆ ಹೊಡೆಯುವ ಕಪ್ಪು ಸ್ಕ್ರೂ ಮಳೆಗೆ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಕಾಲುಗಳ ತುದಿ ನೀರು ಹೀರದ ಹಾಗೆ ಅಡಿಗೆ ಗ್ರಾನೈಟ್ ಚೂರು ಇಡಬೇಕು. ತೇವಾಂಶ ಶೇಕಡಾ 20ರ ಕೆಳಗಿದ್ದರೆ ಮರಕ್ಕೆ ಕೊಳೆಸುವ ಶಿಲೀಂಧ್ರ ಹತ್ತಲ್ಲ. ಅಂದರೆ ಮರ ನೆನೆಯಬಾರದು ಅಂತ ಅಲ್ಲ, ನೆಂದ ಮರಕ್ಕೆ ಒಣಗೋಕೆ ಅವಕಾಶ ಇರಬೇಕು ಅಂತ. ಪೆಟ್ಟಿಗೆಯ ಒಳಬದಿಗೆ ಪ್ಲಾಸ್ಟಿಕ್ ಶೀಟ್, ಹೊರಬದಿಗೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗೇ ಕಾವು ಏರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ. ಕರಾವಳಿ ಕಡೆಯ ಗೆಳೆಯರಿಗೆ ದೋಣಿಗೆ ಬಳಿಯುವ ಗೇರೆಣ್ಣೆ ಗೊತ್ತಿರುತ್ತದೆ. ಅದೂ ಆಗುತ್ತದೆ, ಆದರೆ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಗ್ಲೌಸ್ ಬೇಕೇ ಬೇಕು.

ಕೆಚ್ಚು

ಇದು ಕನ್ನಡ ಸಂಘದ ಪತ್ರಿಕೆ, ಹಾಗಾಗಿ ಇದನ್ನೂ ಹೇಳಲೇಬೇಕು. ನಾನು ಎಲ್‌ಕೆಜಿಯಿಂದ ಪಿಯುಸಿವರೆಗೆ ಇಂಗ್ಲಿಷ್ ಮೀಡಿಯಂ. ಮರದ ನಡುವಿನ ಗಟ್ಟಿ ಭಾಗಕ್ಕೆ ಹಾರ್ಟ್‌ವುಡ್ ಅಂತಾರೆ ಅಂತ ಪಿಯುಸಿ ಬಯಾಲಜಿಯಲ್ಲಿ ಓದಿದ್ದೆ. ಮರ ಆರಿಸೋಕೆ ಹೋದಾಗ ಆಚಾರ್ರು ಒಂದು ತುಂಡು ಎತ್ತಿ, ಹೊರಗಿನ ಬಿಳಿ ಭಾಗವನ್ನು ಉಗುರಿನಿಂದ ಕೆರೆದು, "ಇದು ಬ್ಯಾಡ, ಎರಡು ಮಳೆಗೆ ಪುಡಿಯಾಯ್ತದೆ. ಕೆಚ್ಚು ಇರೋದು ನೋಡು" ಅಂದರು. ಕೆಚ್ಚು ಅಂದರೆ ಅದೇ ಹಾರ್ಟ್‌ವುಡ್. ನನಗೆ ತಕ್ಷಣ ಹೊಳೆದದ್ದು ಕೆಚ್ಚೆದೆ. ಸಿನಿಮಾ ಡೈಲಾಗ್‌ಗಳಲ್ಲಿ, ನವೆಂಬರ್ ಭಾಷಣಗಳಲ್ಲಿ ನೂರು ಸಲ ಕೇಳಿದ ಪದ. ಕೆಚ್ಚಿನಂಥ ಎದೆ. ಮಳೆ, ಗೆದ್ದಲು ಎರಡನ್ನೂ ತಡೆಯುವ ಆ ನಡುವಿನ ಮರವನ್ನು ಬೆರಳಿನಿಂದ ಮುಟ್ಟಿದ ಮೇಲೆ ಆ ಪದ ನನಗೆ ಬರೀ ಡೈಲಾಗ್ ಆಗಿ ಉಳಿಯಲಿಲ್ಲ.

ಅವತ್ತು ಅವರ ಕೊಟ್ಟಿಗೆಯಲ್ಲಿ ಕಲಿತದ್ದು ಒಂದೇ ಪದ ಅಲ್ಲ. ಲಂಬಕೋನ ನೋಡೋಕೆ ಮೂಲೆಮಟ್ಟ, ಸಮತಲ ನೋಡೋಕೆ ರಸಮಟ್ಟ, ಮರ ಕೆತ್ತೋಕೆ ಉಳಿ, ಉಳಿಗೆ ಹೊಡೆಯೋಕೆ ಕೊಡತಿ. ತಾಂತ್ರಿಕ ಶಿಕ್ಷಣ ಕನ್ನಡದಲ್ಲಿ ಆಗುತ್ತಾ, ಪದ ಎಲ್ಲಿದೆ ಅಂತ ನಾವು ಡಿಬೇಟ್ ಮಾಡ್ತೀವಿ. ಎಷ್ಟೋ ಪದ ಆಗಲೇ ಇದೆ, ಕೆಲಸ ಮಾಡುವವರ ಬಾಯಲ್ಲಿ ಇದೆ. ನಾವು ಆ ಕೆಲಸ ಮಾಡಲ್ಲ, ಅದಕ್ಕೇ ಆ ಪದ ನಮ್ಮ ಕಿವಿಗೆ ಬಿದ್ದಿಲ್ಲ. ನಿಘಂಟು ಹಿಡಿದು ಹೊಸ ಪದ ಟಂಕಿಸೋದಕ್ಕಿಂತ ಮೊದಲು ಒಂದು ದಿನ ಒಬ್ಬ ಬಡಗಿಯ ಪಕ್ಕದಲ್ಲಿ ಕೂತು ನೋಡಿ.

ಆಕ್ಷೇಪಗಳು

ಈ ಲೇಖನದ ಮೊದಲ ಡ್ರಾಫ್ಟ್ ಓದಿದ ಗೆಳೆಯರು ಎತ್ತಿದ ಪ್ರಶ್ನೆಗಳಿಗೆ ಉತ್ತರ ಕೊಡ್ತೀನಿ.

"ಆನ್‌ಲೈನ್‌ನಲ್ಲಿ ರೆಡಿಮೇಡ್ ಸಿಗುತ್ತೆ, ಪ್ಲಾಸ್ಟಿಕ್ ಆದರೆ ಕೊಳೆಯೋದೂ ಇಲ್ಲ." ನಿಜ. ನಿಮಗೆ ಬೇಕಿರೋದು ಬರೀ ಸೊಪ್ಪು ಆದರೆ ಪ್ಲಾಸ್ಟಿಕ್ ತಗೊಳ್ಳಿ, ನಾನು ಜಗಳ ಆಡಲ್ಲ. ನನ್ನದಕ್ಕೆ ಮರ, ಸ್ಕ್ರೂ, ಎಣ್ಣೆ, ಶೀಟ್ ಎಲ್ಲಾ ಸೇರಿ 3,000 ರೂಪಾಯಿ ಆಸುಪಾಸು ಆಯಿತು, ಆಚಾರ್ರ ಎರಡು ದಿನದ ಕೂಲಿ ಬೇರೆ. ಅಗ್ಗ ಅಲ್ಲ. ಆದರೆ ನನ್ನ ಕುಂಡದಲ್ಲಿ ಒಂದು ಹಲಗೆ ಹೋದರೆ ನಾಲ್ಕು ಸ್ಕ್ರೂ ಬಿಚ್ಚಿ ಆ ಹಲಗೆ ಮಾತ್ರ ಬದಲಾಯಿಸ್ತೀನಿ. ಪ್ಲಾಸ್ಟಿಕ್ ಬಿರುಕು ಬಿಟ್ಟರೆ ಪೂರ್ತಿ ಕಸಕ್ಕೆ.

"ಮರ ಕಡಿದು ಗಿಡ ಬೆಳೆಯೋದು ಯಾವ ನ್ಯಾಯ?" ಒಳ್ಳೆ ಪ್ರಶ್ನೆ. ನಮ್ಮ ಕಡೆ ಹಳೇ ಮನೆ ಕೆಡವಿದಾಗ ಬರುವ ಜಂತಿ, ತೊಲೆಗಳನ್ನು ಮಾರುವ ಅಂಗಡಿಗಳಿವೆ. ಐವತ್ತು ಅರವತ್ತು ವರ್ಷ ಮಾಡಿನ ಕೆಳಗೆ ಒಣಗಿದ ಮರ, ಇನ್ನು ಡೊಂಕಾಗುವ ಭಯ ಕಮ್ಮಿ. ನಾನು ತಂದದ್ದು ಅಂಥ ಜಂತಿಯನ್ನೇ, ಸಾಮಿಲ್‌ನಲ್ಲಿ ಹಲಗೆ ಸೀಳಿಸಿದೆ. ಸೀಳಿಸುವ ಮುಂಚೆ ಒಳಗೆ ಉಳಿದ ಮೊಳೆಗಳನ್ನೆಲ್ಲ ಹುಡುಕಿ ಕೀಳಬೇಕು, ಇಲ್ಲದಿದ್ದರೆ ಗರಗಸಕ್ಕೂ ಅಪಾಯ, ಸೀಳುವವರಿಗೂ ಅಪಾಯ. ಹಳೇ ಪೇಂಟ್ ಬಳಿದ ಮರ ಬೇಡ, ಆ ಬಣ್ಣದಲ್ಲಿ ಸೀಸ ಇರಬಹುದು, ನಾವು ತಿನ್ನೋ ಸೊಪ್ಪಿನ ಪಕ್ಕ ಅದು ಇರಬಾರದು. ಪ್ಯಾಕಿಂಗ್‌ಗೆ ಬರುವ ಪೈನ್ ಪ್ಯಾಲೆಟ್ ಬಳಸೋದಾದರೆ ಅದರ ಮೇಲಿನ ಮುದ್ರೆ ನೋಡಿ. 'ಎಚ್‌ಟಿ' ಅಂತಿದ್ದರೆ ಶಾಖದಿಂದ ಸಂಸ್ಕರಿಸಿದ್ದು, ಪರವಾಗಿಲ್ಲ. 'ಎಂಬಿ' ಅಂತಿದ್ದರೆ ಮಿಥೈಲ್ ಬ್ರೋಮೈಡ್ ಅನಿಲ ಹಾಕಿದ್ದು, ಬಿಡಿ.

"ನಾನು ಸಿಎಸ್, ನನಗ್ಯಾಕೆ ಇದೆಲ್ಲ?" ನಾನೂ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಅಲ್ಲ. ಡೆಮೋ ದಿನ ಎಲ್ಲರ ಪ್ರಾಜೆಕ್ಟೂ ಓಡುತ್ತದೆ. ಆರು ತಿಂಗಳಾದ ಮೇಲೆ, ನಿಮಗೆ ಪರಿಚಯವೇ ಇಲ್ಲದವರೊಬ್ಬರು, ನೀವು ಯೋಚಿಸದೇ ಇದ್ದ ರೀತಿಯಲ್ಲಿ ಬಳಸಿದಾಗ ಓಡುತ್ತಾ? ಆ ಪ್ರಶ್ನೆ ಕೋಡ್‌ಗೂ ಒಂದೇ, ಪೆಟ್ಟಿಗೆಗೂ ಒಂದೇ. ಪೆಟ್ಟಿಗೆಯಲ್ಲಿ ಉತ್ತರ ಕಣ್ಣಿಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

"ಟೈಮ್ ಎಲ್ಲಿದೆ? ಪ್ಲೇಸ್‌ಮೆಂಟ್‌ಗೆ ಇದು ಬರುತ್ತಾ?" ನನಗೆ ಆರು ದಿನ ಹಿಡಿಯಿತು. ಅದರಲ್ಲಿ ಒಂದು ದಿನ ಪೂರ್ತಿ ಮರ ಹುಡುಕೋಕೇ ಹೋಯಿತು. ಪ್ಲೇಸ್‌ಮೆಂಟ್‌ಗೆ ನೇರವಾಗಿ ಬರಲ್ಲ, ಸುಳ್ಳು ಹೇಳಲ್ಲ. ಆದರೆ ಇಂಟರ್‌ವ್ಯೂನಲ್ಲಿ "ನೀನೇ ಮಾಡಿದ್ದು ಏನು?" ಅಂತ ಕೇಳಿದರೆ ಪಿಪಿಟಿ ಬಿಟ್ಟು ಬೇರೆ ಒಂದು ವಸ್ತು ತೋರಿಸೋಕೆ ಇರುತ್ತದೆ.

ಕೊನೆಯದಾಗಿ ನನಗೆ ಬಹಳ ತಲೆ ತಿಂದ ಪ್ರಶ್ನೆ. "ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಆಚಾರ್ರ ಹೊಟ್ಟೆಪಾಡು?" ಕಾರ್ಖಾನೆಯಿಂದ ಬರುವ ರೆಡಿಮೇಡ್ ಬಾಗಿಲು, ಕಿಟಕಿ, ಮಂಚದಿಂದ ಅವರ ಕೆಲಸ ಆಗಲೇ ಕಮ್ಮಿಯಾಗಿದೆ. ನಾನು ಎರಡು ದಿನ ಅವರ ಪಕ್ಕ ಕೂತಿದ್ದಕ್ಕೆ ಕೂಲಿ ಕೊಡೋಕೆ ಹೋದಾಗ "ಕಲ್ಸಿದ್ಕೆಲ್ಲ ಯಾರಪ್ಪ ಕಾಸ್ ಇಸ್ಕೊತಾರೆ" ಅಂದರು. ನಾನು ಬಲವಂತ ಮಾಡಿ ಕೊಟ್ಟೆ. ಯಾಕಂದರೆ ಕಲಿಸಿದ್ದಕ್ಕೇ ನಾವೆಲ್ಲ ಪ್ರತಿ ವರ್ಷ ಫೀಸ್ ಕಟ್ತೀವಿ. ಎರಡು ಗಂಟೆ ಸ್ಲೈಡ್ ಓದಿ ಹೋಗುವ ಗೆಸ್ಟ್ ಲೆಕ್ಚರರ್‌ಗೆ ಗೌರವಧನ, ಶಾಲು, ಹಾರ ಎಲ್ಲಾ ಇದೆ. "ತೂತಾದ್ಮೇಲೆ?" ಅಂತ ಕೇಳುವವರಿಗೂ ಅಷ್ಟೇ ಸಿಗಬೇಕು.

ಹಾಗಾದರೆ ಏನು ಮಾಡೋಣ

ಸುಮ್ಮನೆ ಭಾಷಣ ಬಿಗಿದು ಹೋಗೋದಕ್ಕಿಂತ ಒಂದು ಪ್ಲಾನ್ ಮುಂದಿಡ್ತೀನಿ. ಕನ್ನಡ ಸಂಘ, ವರ್ಕ್‌ಶಾಪ್ ವಿಭಾಗ, ಹಾಸ್ಟೆಲ್ ಮೆಸ್ ಮೂರೂ ಸೇರಿದರೆ ಆಗುವಂಥದ್ದು.

ಮಾರ್ಚ್-ಏಪ್ರಿಲ್‌ನಲ್ಲಿ ಆರಾರು ಜನರ ತಂಡಗಳು, ತಂಡಕ್ಕೊಂದು ಮೆಟ್ಟಿಲು ಕುಂಡ. ಊರಿನ ಇಬ್ಬರು ಬಡಗಿಗಳನ್ನು ಗೆಸ್ಟ್ ಫ್ಯಾಕಲ್ಟಿಯ ಗೌರವಧನ ಕೊಟ್ಟೇ ಕರೆಸೋಣ. ಪವರ್ ಗರಗಸ ಅವರ ಕೈಯಲ್ಲೇ ಇರಲಿ, ನಮಗೆ ಕೈಗರಗಸ, ಡ್ರಿಲ್, ಕಣ್ಣಿಗೆ ಕನ್ನಡಕ ಸಾಕು. ಪ್ರತಿ ಭಾಗಕ್ಕೂ ಅವರು ಹೇಳುವ ಕನ್ನಡದ ಹೆಸರನ್ನು ಬರೆದಿಟ್ಟುಕೊಳ್ಳೋಣ. ಹಾಸ್ಟೆಲ್ ಹುಡುಗರು ಬೀದರ್‌ನಿಂದ ಚಾಮರಾಜನಗರದವರೆಗೆ ಇದ್ದಾರೆ, ಒಂದೊಂದು ಊರಿನಲ್ಲಿ ಏನೇನು ಹೆಸರು ಅಂತ ಅವರೂ ಮನೆಗೆ ಫೋನ್ ಮಾಡಿ ಕೇಳಲಿ. ಆ ಪಟ್ಟಿಯನ್ನು ಇದೇ ಪತ್ರಿಕೆಯಲ್ಲಿ ಹಾಕೋಣ.

ಕುಂಡಗಳನ್ನು ಮೆಸ್ ಹಿಂದಿನ ನೆಲದ ಮೇಲೆ ಸಾಲಾಗಿ ಇಡೋಣ. ಅಲ್ಲಿ ಸ್ಲ್ಯಾಬ್ ಭಾರದ ಚಿಂತೆ ಇಲ್ಲ, ತೂಕದ ಲೆಕ್ಕವನ್ನು ಮಾತ್ರ ಎಲ್ಲರೂ ಮಾಡಿ ತೋರಿಸಬೇಕು. ಮೆಂತ್ಯ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಅದನ್ನು ಮೆಸ್‌ಗೇ ಕೊಡೋಣ, ಸಾರಿನಲ್ಲಿ ಸೊಪ್ಪು ಹುಡುಕೋ ಕಷ್ಟ ಸ್ವಲ್ಪ ಕಮ್ಮಿಯಾಗಲಿ. ಜೂನ್‌ನಿಂದ ಮಳೆ ತನ್ನ ಕೆಲಸ ಮಾಡಲಿ.

ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರ ಹುಟ್ಟಿದ ದಿನ. ಪ್ರತಿ ವರ್ಷ ಅವತ್ತು ಬ್ಯಾನರ್ ಕಟ್ಟಿ, ಫೋಟೋಗೆ ಹಾರ ಹಾಕಿ, ರೀಲ್ಸ್ ಮಾಡಿ ಮುಗಿಸ್ತೀವಿ. ಈ ಸಲ ಅವತ್ತು ಬೆಳಗ್ಗೆ ಎಲ್ಲರೂ ಮೆಸ್ ಹಿಂದೆ ಹೋಗೋಣ. ಯಾವ ಹಲಗೆ ಬಾಗಿದೆ, ಯಾವ ಮೂಲೆ ಬಿಟ್ಟುಕೊಂಡಿದೆ, ಯಾರ ತೂತು ಕಟ್ಟಿಕೊಂಡಿದೆ, ಯಾರದ್ದು ಹಾಗೇ ನಿಂತಿದೆ ನೋಡೋಣ. ಬಡಗಿಗಳೂ ಇರಲಿ, ವರ್ಕ್‌ಶಾಪ್ ಸರ್ ಕೂಡ ಇರಲಿ, ಇಬ್ಬರೂ ಸೇರಿ ಮಾರ್ಕ್ಸ್ ಹಾಕಲಿ. ಬಿದ್ದುಹೋದ ಕುಂಡಕ್ಕೂ, ಅದು ಯಾಕೆ ಬಿತ್ತು ಅಂತ ಸರಿಯಾಗಿ ಹೇಳಿದರೆ, ಅರ್ಧ ಮಾರ್ಕ್ಸ್ ಕೊಡಲಿ.

ಒಪ್ಪಿಗೆ ಇದ್ದವರು ಮುಂದಿನ ಸಂಘದ ಸಭೆಗೆ ಬನ್ನಿ. ಒಪ್ಪಿಗೆ ಇಲ್ಲದವರೂ ಬನ್ನಿ, ಜಗಳ ಆಡೋಣ. ಎರಡು ಕೈಗರಗಸ, ಒಂದು ಮೂಲೆಮಟ್ಟ ನಾನು ಊರಿಂದ ತರ್ತೀನಿ. ಹಳೇ ಜಂತಿ ಎಲ್ಲಿ ಸಿಗುತ್ತೆ ಅಂತ ಗೊತ್ತಿರುವವರು ಸಂಘದ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ.